ಅಳಿಲಿನ ಪಾಲಿನ ಸೇಬು

ಬೆಳಿಗ್ಗೆ ಸೀರೆ ತೆಗೆಯಲು ಟ್ರಂಕಿನ ಮುಚ್ಚಳ ಎತ್ತಿದೆ ನೋಡಿ, ನುಸಿಗುಳಿಗೆಯ ವಾಸನೆ ಬರಬೇಕಾದ ಕಡೆ ಸೇಬಿನ ಘಮ ಬಂತು. ಮೊಮ್ಮಗಳು ಚಿನ್ನಿಯ ನಾಮಕರಣಕ್ಕೆಂದು ಕೊಂಡಿದ್ದ ರೇಷ್ಮೆ ಸೀರೆಯ ಮಡಿಕೆಯೊಳಗೆ, ಸ್ಕೂಲಿನ ಕರ್ಚೀಫು ಹೊದ್ದುಕೊಂಡು ಒಂದು ಸೇಬು ಎಳೆಗೂಸಿನ ಹಾಗೆ ಮಲಗಿತ್ತು. ಯಾರು ಇಟ್ಟರೋ, ಯಾಕೆ ಇಟ್ಟರೋ. ಕೇಳೋಣವೆಂದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇವತ್ತು ಸೇಬು ಬೆಳೆಗಾರರ ಸಂಘದ ಮೀಟಿಂಗು ನಮ್ಮ ಮನೆಯಲ್ಲಿ. ಹೊರಗೆ ಕುರ್ಚಿ ಎಳೆಯುವ ಸದ್ದು. ನಾನು ಮಾತ್ರ ಸೀರೆ ಮರೆತು ಟ್ರಂಕಿನ ಪಕ್ಕ ಕೂತು ಒಬ್ಬಳೇ ನಗುತ್ತಿದ್ದೇನೆ. ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ಬೆಂಗಳೂರಿನ ಅಂಚಿನ ಈ ಚಿಕ್ಕಬಾಣಾವರದಲ್ಲಿ ಸೇಬು ಎಂದರೆ ನಿಮಗೆ ನಗು ಬರುತ್ತದೆ, ಗೊತ್ತು. ನಾನೂ ನಕ್ಕವಳೇ. ಸೇಬೆಂದರೆ ನನ್ನ ಲೆಕ್ಕದಲ್ಲಿ ಆಸ್ಪತ್ರೆಯಲ್ಲಿ ಮಲಗಿದವರಿಗೆ ಒಯ್ಯುವ ಹಣ್ಣು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ನಾಲ್ಕು ವರ್ಷದಲ್ಲಿ ಅದು ನಮ್ಮೂರಲ್ಲೂ ಬೆಳೆಯುತ್ತದೆ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ. ನಮ್ಮ ತೋಟದಲ್ಲಿ ಮೊದಲು ದ್ರಾಕ್ಷಿ ಇತ್ತು. ಚಪ್ಪರ ಮುದಿಯಾಗಿ ಕಿತ್ತ ಮೇಲೆ ಅಕ್ಕಪಕ್ಕದವರೆಲ್ಲ ಸೈಟು ಮಾಡಿದರು, ಷೆಡ್ಡು ಕಟ್ಟಿದರು. ನಮ್ಮ ಯಜಮಾನರು ಮಾತ್ರ ಬಿಸಿಲು ತಡೆಯುವ ಜಾತಿ ಎಂದು ಇನ್ನೂರು ಸೇಬಿನ ಸಸಿ ತಂದು ನೆಟ್ಟರು. ಎರಡು ಜಾತಿ ಬೆರೆಸಿ ಹಾಕಿ ಎಂದು ನರ್ಸರಿಯವನು ಹೇಳಿದ್ದನಂತೆ. ಇವರು ಕೇಳಿಯಾರೇ? ತೋಟಕ್ಕೆಲ್ಲ ಒಂದೇ ಬಣ್ಣದ ಹಣ್ಣಿದ್ದರೆ ನೋಡಲು ಚೆಂದ ಎಂದು ಎಲ್ಲವನ್ನೂ ಒಂದೇ ಜಾತಿಯದ್ದೇ ತಂದರು.

ಮೂರನೇ ವರ್ಷ ಹೂವು ಬಂತು. ಉದುರಿತು. ನಾಲ್ಕನೇ ವರ್ಷವೂ ಬಂತು, ಉದುರಿತು. ಒಂದು ಕಾಯಿಯೂ ಕಚ್ಚಲಿಲ್ಲ. ನನ್ನ ತಮ್ಮ ಬೈಕಿನಲ್ಲಿ ಹಾದುಹೋಗುವಾಗಲೆಲ್ಲ ಬೇಲಿಯಾಚೆ ನಿಲ್ಲಿಸಿ, "ಏನ್ ಬಾವ, ಕಾಶ್ಮೀರ ಎಂಗದೆ?" ಎಂದು ಕೇಳಿಯೇ ಹೋಗುತ್ತಿದ್ದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದೆ.

ಆ ನಗು ನಿಂತದ್ದು ಚಿನ್ನಿ ಅತ್ತ ದಿನ. ನಮ್ಮೂರಲ್ಲಿ ಬೆಳೆಯುವ ಹಣ್ಣಿನ ಚಿತ್ರ ಬರೆಯಿರಿ ಎಂದು ಸ್ಕೂಲಿನಲ್ಲಿ ಹೇಳಿದ್ದರು. ಇವಳು ಸೇಬು ಬರೆದು, ಕೆಳಗೆ ನಮ್ಮ ತಾತನ ತೋಟ ಎಂದು ಬರೆದಳು. ಮಿಸ್ ಕೆಂಪು ಇಂಕಿನಲ್ಲಿ ದೊಡ್ಡದಾಗಿ ತಪ್ಪು ಗುರುತು ಹಾಕಿದರು. ಕ್ಲಾಸೆಲ್ಲ ನಕ್ಕಿತಂತೆ. ಯಜಮಾನರು ಮುದ್ದೆ ಮುರಿಯುತ್ತಿದ್ದರು. ಚಿನ್ನಿ ಪುಸ್ತಕವನ್ನು ಅವರ ತಟ್ಟೆಯ ಪಕ್ಕ ಇಟ್ಟು, "ತಾತ, ನೀನು ಸುಳ್ಳು ಹೇಳಿದ್ಯಾ?" ಎಂದಳು. ಅವರು ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟರು. ಒಂದೇ ಒಂದು ಹಣ್ಣು ಬರಲಿ, ನಿಮ್ಮ ಮಿಸ್ ಕೈಗೆ ಕೊಡಿಸುತ್ತೇನೆ ಎಂದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ, ಈ ಸಲವೂ ಕಾಯಿ ಕಚ್ಚದಿದ್ದರೆ ಗಿಡ ಕೀಳಿಸಿ ಕಾರು ನಿಲ್ಲಿಸುವವರಿಗೆ ಬಾಡಿಗೆಗೆ ಕೊಡುವುದೇ ಸರಿ ಎಂದರು.

ಮುಂದಿನ ಭಾನುವಾರವೇ ನಾವು ಮೂವರೂ ಸಂಘದ ಮೀಟಿಂಗಿಗೆ ಹೋದೆವು. ಸೆಕ್ರೆಟರಿ ಮುನಿರಾಜಪ್ಪನವರು ಜಾಲಹಳ್ಳಿಯ ಕಡೆ ಫ್ಯಾಕ್ಟರಿಯಲ್ಲಿ ಫೋರ್ಮನ್ ಆಗಿದ್ದವರು; ಈಗ ಸೇಬಿನ ಗಿಡಗಳನ್ನೂ ಶಿಫ್ಟಿಗೆ ಬಂದವರ ಹಾಗೆ ಸಾಲಾಗಿ ನಿಲ್ಲಿಸಿದ್ದರು. ಆ ಸಂಘದಲ್ಲಿ ಒಂದು ಪದ್ಧತಿ. ತೋಟದಲ್ಲಿ ತಾನು ಮಾಡಿದ ಒಂದು ತಪ್ಪನ್ನು ಎಲ್ಲರ ಮುಂದೆ ಹೇಳಬೇಕು. ಹೇಳದವರಿಗೆ ಟೀ ಇಲ್ಲ. ಹೀಗೆ ಮಾಡಿದರೆ ಒಬ್ಬ ಬಿದ್ದ ಗುಂಡಿಗೆ ಇನ್ನೊಬ್ಬ ಬೀಳುವುದಿಲ್ಲವಂತೆ. ತಣಿಸಂದ್ರದ ಕಡೆಯ ಒಬ್ಬಾಕೆ, ಸೇಬಿಗೆ ಚಳಿ ಬೇಕೆಂದು ಗಿಡದ ಬುಡಕ್ಕೆಲ್ಲ ಐಸ್ ಸುರಿಸಿದ್ದಳಂತೆ. ನಮ್ಮ ಕಡೆ ಚಳಿ ಸಾಲದು; ಹೂವು ಬರಲು ಎಲೆಯನ್ನೆಲ್ಲ ಕೈಯಿಂದ ಬಿಡಿಸಿ ಗಿಡ ಬೋಳು ಮಾಡಬೇಕು. ಸ್ವತಃ ಮುನಿರಾಜಪ್ಪನವರು ಬಿಡಿಸಿ, ಮರೆತು, ವಾರ ಬಿಟ್ಟು ಬಂದು ನೋಡಿ, ಗಿಡ ಸತ್ತವೆಂದು ಹತ್ತು ಗಿಡ ಕಿತ್ತಿದ್ದರಂತೆ. ಹೇಳಿದವರೆಲ್ಲ ಲೋಟ ಹಿಡಿದು ಸೊರ್ರೆಂದು ಕುಡಿಯುತ್ತಿದ್ದರು.

ನಮ್ಮವರ ಸರದಿ ಬಂತು. ನಲವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ತಪ್ಪಾಯಿತು ಎಂದದ್ದನ್ನು ನಾನು ಕೇಳಿಲ್ಲ. ಒಂದು ಸಲ ಯಲಹಂಕದ ಮದುವೆಗೆ ಹೊರಟು ಬೇರೆ ಯಾರದೋ ಛತ್ರಕ್ಕೆ ನುಗ್ಗಿ, ಹೋಳಿಗೆ ಉಂಡು, ಮುಯ್ಯಿ ಓದಿಸಿ ಬಂದೆವು. ಆಗಲೂ, ಮದುವೆಯವರೇ ಛತ್ರ ಬದಲಾಯಿಸಿದ್ದಾರೆ ಎಂದ ಮಹಾರಾಯರು. ಈಗ ಗಂಟಲು ಸರಿಮಾಡಿಕೊಂಡರು, ಟೀ ಕ್ಯಾನು ನೋಡಿದರು, ಆಕಾಶ ನೋಡಿದರು. ಕೊನೆಗೆ ಎದ್ದು ನಿಂತದ್ದು ಚಿನ್ನಿ.

"ನಮ್ ತಾತಂಗೆ ತಪ್ಪು ಹೇಳಕ್ಕೆ ಬರಲ್ಲ. ನಾನ್ ಹೇಳ್ಲಾ? ಎಲ್ಲಾ ಒಂದೇ ಜಾತಿ ಗಿಡ ಹಾಕ್ಬುಟ್ಟವ್ರೆ. ನರ್ಸರಿ ಅಂಕಲ್ ಬೇಡ ಅಂದಿದ್ರು."

ಮುನಿರಾಜಪ್ಪನವರು ಲೋಟ ಕೆಳಗಿಟ್ಟರು. "ಅಯ್ಯೋ ಯಜಮಾನ್ರೇ, ಒಂದೇ ಕುಲದೋರು, ಎಲ್ಲಾ ಅಣ್ಣ ತಂಗೀರು. ಮದ್ವೆ ಎಂಗಾಯ್ತದೆ? ಕಾಯಿ ಎಲ್ಲಿಂದ ಬರ್ಬೇಕು?"

ಯಜಮಾನರು ಚಿನ್ನಿಯ ಮುಖ ನೋಡಿದರು. ಆಮೇಲೆ ನೆಲ ನೋಡುತ್ತ, "ತಪ್ಪಾಯ್ತು ಕಣ್ರೀ. ಟೀ ಕೊಡಿ," ಎಂದರು.

ಜನವರಿಯಲ್ಲಿ ನಮ್ಮ ಗಿಡ ಹೂ ಬಿಟ್ಟವೆಂದು ತಿಳಿದದ್ದೇ ಸಂಘದವರು ಗೂಡ್ಸ್ ಆಟೋದಲ್ಲಿ ಬಂದಿಳಿದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಕೆಟ್ಟು. ನೀರಿನಲ್ಲಿ ಬೇರೆ ಜಾತಿಯ ಸೇಬಿನ ಹೂಕೊಂಬೆ. ಅವನ್ನು ನಮ್ಮ ಗಿಡಗಳಿಗೆ ನೇತುಹಾಕಿದರೆ ಮಿಕ್ಕದ್ದನ್ನು ಜೇನುಹುಳ ನೋಡಿಕೊಳ್ಳುತ್ತದಂತೆ. ಜೇನಿನ ಪೆಟ್ಟಿಗೆಯನ್ನೂ ಅವರೇ ತಂದಿದ್ದರು. ನನಗೆ ಗಂಡಿನ ಕಡೆಯವರ ದಿಬ್ಬಣವೇ ಬಂದಂತಾಯಿತು. ಆರತಿ ಎತ್ತಿದೆ, ಬಕೆಟ್ಟಿಗೆಲ್ಲ ಕುಂಕುಮ ಇಟ್ಟೆ, ಪಾನಕ ಕೊಟ್ಟೆ. ಮುನಿರಾಜಪ್ಪನವರು ಹಣೆಗೆ ಕುಂಕುಮ ಇಡಿಸಿಕೊಂಡು, ಬಕೆಟ್ಟು ತಬ್ಬಿಕೊಂಡು, ಮದುವೆ ಗಂಡಿನ ಹಾಗೆ ನಾಚಿ ನಿಂತಿದ್ದರು.

ಕಾಯಿ ಕಚ್ಚಿತು. ಏಪ್ರಿಲ್ಲಿನ ಆಲಿಕಲ್ಲಿಗೆ ಬಹಳಷ್ಟು ಉದುರಿ, ಹನ್ನೆರಡು ಉಳಿದವು. ಚಿನ್ನಿ ದಿನಾ ಎಣಿಸುತ್ತಿದ್ದಳು. ಒಂದು ದಿನ ಹನ್ನೊಂದಾಯಿತು. ಯಜಮಾನರು ಅಳಿಲಿನ ಮೇಲೆ ಕೆಂಡವಾದರು. ಡಬ್ಬ ಕಟ್ಟಿ ಬಡಿದರು, ಮಧ್ಯಾಹ್ನವೆಲ್ಲ ದೊಣ್ಣೆ ಹಿಡಿದು ಕೂತರು. ನಿಮಗೆ ಮಾತ್ರ ಹೇಳುತ್ತೇನೆ, ತಿಂದದ್ದು ನಾನು. ಬಟ್ಟೆ ಒಣಹಾಕಲು ಹೋಗಿದ್ದೆ, ಕೆಂಪಗೆ ನೋಡಿತು, ತಡೆಯಲಾಗಲಿಲ್ಲ. ಬೀಜವನ್ನೂ ಬಿಡಲಿಲ್ಲ.

ಸ್ಕೂಲು ತೆರೆದ ದಿನ ಚಿನ್ನಿ ಹಳೆಯ ಕ್ಲಾಸಿನ ಮಿಸ್ಸನ್ನೇ ಹುಡುಕಿಕೊಂಡು ಹೋಗಿ, ಎಲೆಯ ಸಮೇತ ಕಿತ್ತ ಹಣ್ಣು ಕೊಟ್ಟಳು. ಜೊತೆಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಮುನಿರಾಜಪ್ಪನವರು ಬರೆದ ಕಾಗದ: ಈ ಸೇಬು ಚಿಕ್ಕಬಾಣಾವರದಲ್ಲಿ ಹುಟ್ಟಿ ಬೆಳೆದದ್ದೆಂದು ಈ ಮೂಲಕ ದೃಢೀಕರಿಸಲಾಗಿದೆ. ಕೆಳಗೆ ಸಹಿ, ದುಂಡು ಸೀಲು. ಮಿಸ್ ಒಳ್ಳೆಯವರು. ಹಳೆಯ ಪುಸ್ತಕ ತರಿಸಿ, ತಪ್ಪು ಗುರುತು ಹೊಡೆದುಹಾಕಿ, ಪಕ್ಕದಲ್ಲೇ ಸರಿ ಹಾಕಿಕೊಟ್ಟರು. ಆ ಪುಸ್ತಕ ಈಗ ನಮ್ಮ ದೇವರಗೂಡಿನಲ್ಲಿದೆ.

ಆಮೇಲೆ ಸಂಘದವರು ಸಾಲಿಗೆರಡು ಗಿಡಕ್ಕೆ ಬೇರೆ ಜಾತಿ ಕಸಿ ಕಟ್ಟಿಕೊಟ್ಟರು. ಈ ಸಲ ಹಣ್ಣು ಎಣಿಸುವುದನ್ನು ಚಿನ್ನಿಯೇ ಬಿಟ್ಟಿದ್ದಾಳೆ. ಎಲ್ಲರ ಪೆಟ್ಟಿಗೆಗಳೂ ಸಂಘದ ಒಂದೇ ಹೆಸರಿನಲ್ಲಿ ಯಶವಂತಪುರದ ಮಂಡಿಗೆ ಹೋಗುತ್ತವೆ. ಒಬ್ಬೊಬ್ಬರನ್ನೇ ಹಿಡಿದು ರೇಟು ಇಳಿಸಲು ವ್ಯಾಪಾರಿಗೆ ಆಗುವುದಿಲ್ಲ. ನನ್ನ ತಮ್ಮನೂ ಐವತ್ತು ಸಸಿ ಕೇಳಿಕೊಂಡು ಬಂದಿದ್ದ. ಕಾಶ್ಮೀರಕ್ಕೆ ಹೋಗಿ ತಗೋ ಎಂದು ಕಳಿಸಿದೆ.

ಇಗೋ, ಬಾಗಿಲಲ್ಲಿ ಚಿನ್ನಿ. ಟ್ರಂಕಿನಲ್ಲಿ ಇದನ್ನು ಯಾಕಮ್ಮ ಇಟ್ಟೆ ಎಂದು ಕೇಳಿದೆ.

"ಅದು ಅಳಿಲಿಗೆ ಅಜ್ಜಿ," ಎಂದಳು. "ನಮ್ಮನೆ ಅಳಿಲು ಸೀರೆ ಉಟ್ಕೊಳತ್ತಲ್ಲ, ಅದಕ್ಕೆ."

ಅವತ್ತು ಕಂಡದ್ದನ್ನು ಇಷ್ಟು ದಿನ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಾಳೆ ನೋಡಿ, ಕಳ್ಳಿ. ಅವಳ ಕೆನ್ನೆ ಹಿಂಡಿ, ಅದೇ ರೇಷ್ಮೆ ಸೀರೆ ಉಟ್ಟುಕೊಂಡೆ. ಹೊರಗೆ ಯಜಮಾನರು ತಾವೇ ಟೀ ಬಗ್ಗಿಸುತ್ತಿದ್ದಾರೆ. ಇವತ್ತು ಒಂದಲ್ಲ, ಮೂರು ತಪ್ಪು ಒಪ್ಪಿಕೊಂಡರಂತೆ, ರುಚಿ ಹತ್ತಿಬಿಟ್ಟಿದೆ. ನನ್ನ ಕಡೆಗೂ ಒಂದು ಲೋಟ ಚಾಚಿದರು.

"ತಡೀರಿ," ಎಂದೆ. "ಮೊದಲು ನಂದೊಂದು ತಪ್ಪು ಹೇಳೋದದೆ. ಪಾಪ, ಅಳಿಲಿಂದೇನೂ ತಪ್ಪಿಲ್ಲ."