ಡೀಸೆಲ್ ಕೈ, ಹುಳುವಿನ ಮನೆ

ರೇಷ್ಮೆ ಹುಳುವಿನ ಮನೆಯೊಳಕ್ಕೆ ಡೀಸೆಲ್ ಮುಟ್ಟಿದ ಕೈ ಬರಬಾರದು. ಬೀಡಿ ಸೇದಿದ ಬಾಯಿ ಬರಬಾರದು, ಊದುಕಡ್ಡಿ ಹಚ್ಚಿ ಬಂದ ಸೀರೆ ಬರಬಾರದು, ಔಷಧಿ ಹೊಡೆದು ಬಂದ ಕಾಲು ಬರಬಾರದು. ಹುಳುವಿಗೆ ಕಣ್ಣಿದೆಯೋ ಕಿವಿಯಿದೆಯೋ ನಾನು ನೋಡಿಲ್ಲ. ಮೂಗು ಮಾತ್ರ ಇದೆ. ವಾಸನೆ ತಗುಲಿತೆಂದರೆ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಕೂರುತ್ತದೆ. ಆಮೇಲೆ ಹಸಿರು ನೀರು ಕಕ್ಕಿ ಸಾಯುತ್ತದೆ. ಅದಕ್ಕೆ ಮದ್ದಿಲ್ಲ.

ನಮ್ಮ ಮನೆಯಲ್ಲಿ ಕೆಲಸಕ್ಕೆ ನಿಲ್ಲುವವರು ಇಬ್ಬರು. ಹುಳು ನನ್ನದು, ಜೀಪು ನಮ್ಮ ಯಜಮಾನರದು. ಅವರ ಮೈಯೆಲ್ಲ ಡೀಸೆಲ್ಲು, ಆದ್ದರಿಂದ ಅವರು ಹುಳುವಿನ ಮನೆ ಹೊಸ್ತಿಲು ದಾಟುವುದಿಲ್ಲ. ನಾನು ಹುಳು ಮುಟ್ಟುವವಳು, ಆದ್ದರಿಂದ ಜೀಪು ಮುಟ್ಟುವುದಿಲ್ಲ. ಅವರು ತೋಟದಿಂದ ಸೊಪ್ಪು ತಂದು ಜಗಲಿ ಮುಂದೆ ಜೀಪು ನಿಲ್ಲಿಸುತ್ತಾರೆ. ಗಾಡಿಯ ಹಿಂದೆ ಹಾಸಿದ ಗೋಣಿ ತಾಟು ಸಮೇತ ನಾನು ಸೊಪ್ಪು ಎಳೆದುಕೊಳ್ಳುತ್ತೇನೆ. ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ಚೆನ್ನಾಗಿ ನಡೆದ ವ್ಯವಹಾರ ಅಂದರೆ ಇದೊಂದೇ.

ಜೀಪನ್ನು ಅವರು ಹರಾಜಿನಲ್ಲಿ ತಂದಾಗಲೇ ಅದು ಯಾವ ಯಾವ ಆಫೀಸರುಗಳನ್ನೋ ಹೊತ್ತು ಸವೆದಿತ್ತು. ಆಗ ನಾನು, ಇದು ನಮ್ಮ ಮನೆಗೆ ಸಾಯಲಿಕ್ಕೆ ಬಂದಿದೆ ಅಂದೆ. ಸಾಯಲಿಲ್ಲ. ಬದುಕಲೂ ಇಲ್ಲ. ನಮ್ಮ ಪಕ್ಕದ ವಿಜಯಪುರದ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, "ಯಜಮಾನ್ರೇ, ಇದಕ್ಕೆ ಸ್ಪೇರು ನಂತಾವ ಇಲ್ಲ, ದೇವರತ್ರ ಕೇಳ್ಬೇಕು" ಅಂದ ಮೇಲೆ ಅವರು ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟರು. ಹುಣಸೆ ಮರದ ಕೆಳಗೆ ತಾವೇ ರಿಪೇರಿಗೆ ಕೂತರು. ಟ್ಯಾಂಕು ಸೋರಿದರೆ ಬಟ್ಟೆ ಸೋಪು ಮೆತ್ತಿದರು. ರೇಡಿಯೇಟರು ಸೋರಿದರೆ ನನ್ನ ಅಡಿಗೆ ಮನೆಯ ಅರಿಶಿನ ಸುರಿದರು. ಅದು ನಿಂತಿತು, ಸುಳ್ಳು ಹೇಳುವುದಿಲ್ಲ. ಇನ್ನೊಂದು ಸಲ ಅರಿಶಿನ ಮುಗಿದಿತ್ತೆಂದು ರಾಗಿ ಹಿಟ್ಟು ಹಾಕಿದರು. ಇಂಜಿನ್ ಕಾದು ಅದರೊಳಗೆ ಅಂಬಲಿ ಕುದಿಯಿತು. ಮೂರು ಮನೆ ದಾಟಿ ವಾಸನೆ ಹೋಯಿತು. ನಮ್ಮ ವಾರಗಿತ್ತಿ ಗೋಡೆಯಾಚೆಯಿಂದ, "ಅಕ್ಕಾ, ಬಾವ ಜೀಪಿಗೆ ಊಟಕ್ಕಿಕ್ಕವ್ರಾ? ಜೊತೆಗೆ ಉಪ್ಪಿನಕಾಯಿ ಕಳಿಸ್ಲಾ?" ಅಂದಳು. ಆ ಅಂಬಲಿ ತೊಳೆದು ತೆಗೆಯುವಷ್ಟರಲ್ಲಿ ಅವರ ಬೆನ್ನು ಹಿಡಿದುಕೊಂಡಿತು.

ಮಾರಿಬಿಡಿ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಅದಿಲ್ಲದೆ ಸೊಪ್ಪಿಲ್ಲ. ಊರ ಪಕ್ಕದ ಜಮೀನು ದೊಡ್ಡ ರಸ್ತೆಗೆ ಹೋದ ಮೇಲೆ ನಮಗೆ ಉಳಿದ ಹಿಪ್ಪುನೇರಳೆ ತೋಟ ಕೆರೆಯಾಚೆ ಇದೆ. ಕೆರೆ ಅಂಗಳದಲ್ಲೇ ದಾರಿ. ಬೇಸಿಗೆಯಲ್ಲಿ ಧೂಳು, ಮಳೆ ಬಿದ್ದರೆ ಮೊಣಕಾಲುದ್ದ ಕೆಸರು. ಆಟೋ ಹೂತುಕೊಳ್ಳುತ್ತದೆ. ಟೆಂಪೋದವರು ಬರುವುದೇ ಇಲ್ಲ. ಮೈದುನನ ಟ್ರಾಕ್ಟರು ವರ್ಷವೆಲ್ಲ ದೇವನಹಳ್ಳಿ ಕಡೆ ಸೈಟು ಮಟ್ಟ ಮಾಡುವುದರಲ್ಲೇ ಇರುತ್ತದೆ. ನಾಲ್ಕು ಚಕ್ರವೂ ಎಳೆಯುವ ಈ ಮುದಿ ಜೀಪು ಮಾತ್ರ ಅಲ್ಲಿ ನಡೆಯುತ್ತದೆ. ಭಾನುವಾರ ಬೆಂಗಳೂರಿನ ಹುಡುಗರು ಹೊಸ ಜೀಪುಗಳಲ್ಲಿ ಅದೇ ಕೆಸರಿಗೆ ಬರುತ್ತಾರೆ. ಸಿಕ್ಕಿಹಾಕಿಕೊಳ್ಳಲಿಕ್ಕೇ ಬರುವುದಂತೆ. ಸಿಕ್ಕಿಕೊಂಡ ಮೇಲೆ ನಗುತ್ತಾರೆ, ಫೋಟೋ ತೆಗೆಯುತ್ತಾರೆ. ಒಬ್ಬ ನಮ್ಮ ಜೀಪಿನ ಮೂತಿ ಸವರಿ, "ತಾತ, ಸೂಪರ್ ಗುರು ಇದು, ಎಲ್ಲಾ ಒರಿಜಿನಲ್ಲಾ?" ಅಂದ. ಯಜಮಾನರು, "ಒಳಗಡೆ ಸೋಪೈತೆ, ಅದೂ ಒರಿಜಿನಲ್ಲೇ" ಅಂದರು.

ಹೋದ ಮಳೆಗಾಲದ ಬೆಳೆಯ ಮಾತು ಹೇಳುತ್ತೇನೆ. ಹುಳು ಚರ್ಮ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿನ ಹಸಿವು ನೋಡಬೇಕು. ಅಲ್ಲಿಯವರೆಗೆ ತಿಂದದ್ದು ತಿಂಡಿ, ಈಗ ಊಟ. ಹೊತ್ತಿಗೆ ಸರಿಯಾಗಿ ಗಾಡಿ ತುಂಬ ಸೊಪ್ಪಿನ ಕಡ್ಡಿ ಬೀಳಬೇಕು. ಒಂದು ಹೊತ್ತು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ, ಎರಡು ಹೊತ್ತು ತಪ್ಪಿದರೆ ಗೂಡೇ ಇಲ್ಲ. ತಲೆ ಮೇಲೆ ಹೊರೆ ಹೊತ್ತು ಅಷ್ಟು ಸೊಪ್ಪು ತರುವ ಮಂಡಿ ನನ್ನದಲ್ಲ, ಯಾರದೂ ಅಲ್ಲ.

ಆ ಬೆಳಿಗ್ಗೆ ಸೊಪ್ಪು ಹೇರಿಕೊಂಡು ಬಂದ ಜೀಪು ಮನೆ ಹತ್ತಿರದ ತಿರುವಿನಲ್ಲಿ ಕೆಮ್ಮಿ ನಿಂತಿತು. ಡೀಸೆಲ್ ಪೈಪು ಬಿರುಕು ಬಿಟ್ಟಿತ್ತು. ನೂಲು ತೆಗೆಯುವವರು ಎಸೆಯುವ ಹಾಳು ರೇಷ್ಮೆ ಎಳೆಯನ್ನು ಯಜಮಾನರು ಸೋಪಿನಲ್ಲಿ ಅದ್ದಿ ಪೈಪಿಗೆ ಬಿಗಿಯಾಗಿ ಸುತ್ತಿದರು. ಮೇಲೆ ಸೈಕಲ್ ಟ್ಯೂಬು ಕಟ್ಟಿದರು. ಸೋರುವುದು ನಿಂತಿತು. ಆದರೆ ಅಷ್ಟರಲ್ಲಿ ಪೈಪಿನೊಳಗೆ ಗಾಳಿ ಸೇರಿತ್ತು. ಗಾಳಿ ಸೇರಿದರೆ ಇಂಜಿನ್ ಹತ್ತಿಕೊಳ್ಳುವುದಿಲ್ಲ. ಒಂದು ಸಣ್ಣ ಬೋಲ್ಟು ಸಡಿಲ ಮಾಡಿ, ಇಂಜಿನ್ನಿಗಿರುವ ಕೈಪಂಪು ಒತ್ತುತ್ತಾ ಗುಳ್ಳೆ ಎಲ್ಲಾ ಹೊರಗೆ ಬಿಡಬೇಕು. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಕ್ಷಣಕ್ಕೆ ಬೋಲ್ಟು ಬಿಗಿಯಬೇಕು. ಅವರು ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ ಅದು. ಈಗ ಕಣ್ಣು ತೆರೆದರೂ ಆಗುತ್ತಿರಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿ ಅಂದರೆ, ಈ ಬೆಳೆ ಆಗ್ಲಿ, ಈ ಬೆಳೆ ಆಗ್ಲಿ ಅಂತ ತಳ್ಳುತ್ತಿದ್ದರು.

ನಾನು ಜಗಲಿಯಲ್ಲಿ ನಿಂತಿದ್ದೆ. ಒಳಗೆ ಹುಳುಗಳು ಹಳೆಯ ಕಡ್ಡಿಗಳನ್ನು ಬೋಳು ಮಾಡಿ ತಲೆ ಆಡಿಸುತ್ತಿದ್ದವು. ಜೀಪು ತುಂಬ ಸೊಪ್ಪು ಕಣ್ಣೆದುರಿಗೇ ಇತ್ತು. ಅದನ್ನು ಇಳಿಸಿಕೊಂಡರೆ ಆ ಹೊತ್ತು ಸಾಗುತ್ತಿತ್ತು, ಮುಂದಿನ ಹೊತ್ತಿಗೆ ಏನು? ಗಾಡಿ ತೋಟಕ್ಕೆ ಹೋಗಲೇಬೇಕು.

"ಲೇ, ಗುಳ್ಳೆ ಬರ್ತೈತಾ ನೋಡೇ" ಅಂದರು.

"ಇಲ್ಲಿಂದ ಏನು ಕಾಣ್ತದೆ? ನಾನು ಅಲ್ಲಿಗೆ ಬರಾಕಿಲ್ಲ" ಅಂದೆ.

"ದೂರ ನಿಂತೇ ನೋಡು. ಮುಟ್ಬೇಡ."

ವಾರಗಿತ್ತಿಯನ್ನು ಕೂಗಿದೆ. ಅವಳು ಗೋಡೆ ಪಕ್ಕಕ್ಕೆ ಬಂದಳು. ಅವಳ ಮನೆಯಲ್ಲೂ ಹುಳು ಇತ್ತು, ಅವಳದೂ ನನ್ನದೇ ಪಾಡು. "ನಾನು ಡೀಸೆಲ್ ಮುಟ್ಟಿದ್ರೆ ನನ್ನ ಹುಳ ಹೋಯ್ತದೆ ಅಕ್ಕಾ. ಮಾತಿಗೆ ಬೇಕಾದ್ರೆ ಇಲ್ಲೇ ನಿಂತ್ಕೊತೀನಿ" ಅಂದಳು. ಮಾತಿಗೆ ನಿಂತಳು. ಅದರಿಂದ ಏನೂ ಆಗಲಿಲ್ಲ, ಆದರೂ ಬೇಡ ಅನ್ನಲಿಲ್ಲ.

ನಾನು ಮೂತಿಗೆ ಸೆರಗು ಸುತ್ತಿ ಒಂದು ಮಾರು ದೂರ ನಿಂತೆ. ಅವರು ಪಂಪು ಒತ್ತಿದರು. ಬೋಲ್ಟಿನ ಸಂದಿನಿಂದ ನೊರೆ ನೊರೆಯಾಗಿ ಬಂತು. "ಇನ್ನೂ ಐತೆ" ಅಂದೆ. ಒತ್ತಿದರು. "ಐತೆ." ಒತ್ತಿದರು. ನೊರೆ ನಿಂತಿತು. "ಹಾ, ಈಗ ಬಿಗೀರಿ" ಅಂದೆ. ಅವರ ಸ್ಪ್ಯಾನರು ಬೋಲ್ಟನ್ನು ಹುಡುಕಿತು. ಅದರ ಎಡಕ್ಕೆ ತಟ್ಟಿತು, ಬಲಕ್ಕೆ ತಟ್ಟಿತು. ಸಿಕ್ಕುವಷ್ಟರಲ್ಲಿ ಮತ್ತೆ ಗಾಳಿ ಎಳೆದುಕೊಂಡಿತು. ಇನ್ನೊಮ್ಮೆ ಮಾಡಿದರು, ಮತ್ತೆ ಹಾಗೇ ಆಯಿತು. ಆಮೇಲಿನ ಸಲ ಸ್ಪ್ಯಾನರು ಜಾರಿ ಬೋಲ್ಟೇ ಕಳಚಿ ಕೆಸರಿಗೆ ಬಿತ್ತು. ಅವರು ಮಂಡಿಯೂರಿ ಕೆಸರಿನಲ್ಲಿ ಅಂಗೈ ಆಡಿಸತೊಡಗಿದರು. ಬೋಲ್ಟು ಅವರ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ನನಗೆ ಕಾಣುತ್ತಿತ್ತು.

"ಬಲಗಡೆ. ಇನ್ನೂ ಬಲಗಡೆ. ಅದು ಕಲ್ಲು."

"ಇದಾ?"

"ಅದೂ ಕಲ್ಲು."

ಗೋಡೆಯಾಚೆ ವಾರಗಿತ್ತಿ ನಗಲಿಲ್ಲ. ಅವಳು ನಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹೋಗಿ ಬೋಲ್ಟು ಎತ್ತಿ, ಸೆರಗಿನಲ್ಲಿ ಒರೆಸಿ, ಅವರ ಕೈಯಿಂದ ಸ್ಪ್ಯಾನರು ಕಿತ್ತುಕೊಂಡೆ. "ಒತ್ತಿ" ಅಂದೆ. ಒತ್ತಿದರು. ಡೀಸೆಲ್ ನನ್ನ ಮುಂಗೈಗೆ, ಎದೆಗೆ, ಮುಖಕ್ಕೆ ಚಿಮ್ಮಿತು. ಗುಳ್ಳೆ ನಿಂತಿತು. ಬಿಗಿದೆ. ಗಾಡಿ ಹತ್ತಿಕೊಂಡಿತು.

ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಗಾಡಿ ಇದೆ, ಸೊಪ್ಪಿದೆ. ಹುಳುವಿನ ಮನೆಗೆ ಹೋಗುವ ಕೈ ಇಲ್ಲ.

ಸೋಪು ಹಾಕಿ ತೊಳೆದೆ. ಸೀಗೆಪುಡಿ, ಹುಣಸೆಹಣ್ಣು, ಮಜ್ಜಿಗೆ, ಒಲೆಬೂದಿ, ಎಲ್ಲಾ ಹಚ್ಚಿ ತಿಕ್ಕಿದೆ. ತಲೆಗೆ ನೀರು ಹೊಯ್ದುಕೊಂಡೆ. ಮೂಗಿಗೆ ಕೈ ಇಟ್ಟರೆ ಬಂಕಿನಲ್ಲಿ ನಿಂತ ಹಾಗೆ. ವಾರಗಿತ್ತಿ ಒಗೆದ ಸೀರೆಯನ್ನು ಗೋಡೆ ಮೇಲಿಂದ ಎಸೆದಳು. ಅವಳು ಒಳಗೆ ಬಂದು ಸೊಪ್ಪು ಹಾಕುವ ಹಾಗಿಲ್ಲ. ಒಬ್ಬರ ಹುಳುವಿನ ಮನೆಯವರು ಇನ್ನೊಬ್ಬರ ಹುಳುವಿನ ಮನೆಗೆ ಕಾಲಿಟ್ಟರೆ ರೋಗ ಹೊತ್ತು ತರುತ್ತಾರೆ ಅನ್ನುವುದು ನಮ್ಮಲ್ಲಿ ಕಟ್ಟು. ಅದನ್ನು ಅವಳಿಗೆ ಹೇಳಿಕೊಟ್ಟವಳೇ ನಾನು.

ಕೊನೆಗೆ ಎರಡೂ ಕೈಗೆ ಪ್ಲಾಸ್ಟಿಕ್ ಕವರು ಹಾಕಿ, ಮಣಿಕಟ್ಟಿಗೆ ದಾರ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಒಳಗೆ ಹೋದೆ. ಜಾರುವ ಕೈಯಲ್ಲಿ ಕಡ್ಡಿ ಹಾಸಿದೆ. ಒಳಗಿನ ಅಂಕಣದ ಹುಳುಗಳು ಸೊಪ್ಪಿಗೆ ಬಾಯಿ ಹಾಕಿದವು. ಬಾಗಿಲ ಕಡೆಯ ಅಂಕಣ, ಮೊದಲು ನಾನು ಬಗ್ಗಿದ್ದು ಅಲ್ಲಿ, ಆ ಹುಳುಗಳು ತಲೆ ಎತ್ತಿದವು. ಎತ್ತಿದ ತಲೆ ಇಳಿಸಲಿಲ್ಲ.

ಹೊರಗೆ ಬಂದಾಗ ಯಜಮಾನರು ಜಗಲಿಯ ಕೆಳಗೆ ನಿಂತಿದ್ದರು. "ತಿಂತಾವಾ?" ಅಂದರು.

"ಒಳಗಿನವು ತಿಂತಾವೆ."

"ಬಾಗ್ಲತಾವ ಇರೋವು?"

ನಾನು ಮಣಿಕಟ್ಟಿನ ದಾರ ಬಿಚ್ಚತೊಡಗಿದೆ. ಅವರು ಹೋಗಿ ಜೀಪಿನ ಚಕ್ರಕ್ಕೆ ಕಲ್ಲು ಕೊಟ್ಟು ಕೂತರು. ಆ ಅಂಕಣವನ್ನು ಪೂರ್ತಿ ಗುಡಿಸಿ ಗುಂಡಿಗೆ ಹಾಕಿದೆ. ಉಳಿದದ್ದು ಗೂಡು ಕಟ್ಟಿತು. ಗಟ್ಟಿ ಗೂಡಲ್ಲ.

ಈಗ ಮತ್ತೆ ಮಳೆ, ಮತ್ತೆ ನಾಲ್ಕನೇ ಜ್ವರ ಎದ್ದ ಹುಳು, ಅದೇ ಪೈಪು. ಯಜಮಾನರ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಅದರಲ್ಲಿ ದೂರದ್ದು ಕಾಣುತ್ತದಂತೆ. ಹತ್ತಿರದ್ದಕ್ಕೆ ಕನ್ನಡಕ ಬೇಕು. ಕನ್ನಡಕಕ್ಕೆ ಡೀಸೆಲ್ ಮೆತ್ತಿಕೊಂಡರೆ ಮತ್ತೆ ಮೊದಲಿನ ಹಾಗೇ. ಇನ್ನು ಮುಂದೆ ಏನೇ ಆದರೂ ಜೀಪಿನ ಹತ್ತಿರ ಬರುವುದಿಲ್ಲ ಅಂತ ಅವರಿಗೆ ಹೇಳಿದ್ದೇನೆ.

ಇವತ್ತು ನಾನು ಒಳಗೆ ಹುಳುವಿನ ಹಿಕ್ಕೆ ಗುಡಿಸಿ ಬಳಿಯುತ್ತಿದ್ದೆ. ಕಿಟಕಿಯ ಹೊರಗೆ ಜೀಪಿನ ಕೈಪಂಪಿನ ಸದ್ದು ಶುರುವಾಯಿತು. ಬಹಳ ಹೊತ್ತು ನಡೆಯಿತು. ನಾನು ಕಿವಿ ಕೊಡಲಿಲ್ಲ ಅಂದರೆ ಸುಳ್ಳು.

"ಲೇ" ಅಂದರು.

"ಬರಾಕಿಲ್ಲ ಅಂದಿದ್ದೀನಿ."

"ಬರ್ಬೇಡ. ಅಲ್ಲಿಂದ್ಲೇ ನೋಡಿ ಹೇಳು. ಗುಳ್ಳೆ ನಿಂತ್ವಾ?"

ಹುಳುವಿನ ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣ ಬಾರದಿರಲೆಂದು ಕಿಟಕಿಗೆ ಸಣ್ಣ ಕಣ್ಣಿನ ಬಲೆ ಬಿಗಿದಿದೆ. ಬಲೆಗೆ ಮುಖ ಒತ್ತಿ ನೋಡಿದೆ. ಅವರ ಬೆನ್ನು ಕಂಡಿತು. ಮೊಣಕೈ ಮೇಲೆ ಕೆಳಗೆ ಆಡುವುದು ಕಂಡಿತು. ಗುಳ್ಳೆ ಏನು, ಬೋಲ್ಟೇ ಕಾಣಲಿಲ್ಲ. ಸ್ಪ್ಯಾನರನ್ನು ಮೊದಲೇ ಬೋಲ್ಟಿಗೆ ಕಚ್ಚಿಸಿಕೊಂಡು, ನನ್ನ ಮಾತಿಗೆ ಕಾಯುತ್ತಿದ್ದರು.

"ನಿಂತ್ವು. ಬಿಗೀರಿ" ಅಂದೆ.

ಬಿಗಿದರು. ಜೀಪು ಹತ್ತಿಕೊಂಡಿತು. ಇಳಿಜಾರು ಇಳಿದು ಕೆರೆ ಅಂಗಳದ ಕಡೆ ಹೋದ ಸದ್ದು ಕೇಳಿಸಿತು, ಕೆಸರಿನಲ್ಲಿ ಎಳೆಯುವ ಸದ್ದೂ ಕೇಳಿಸಿತು. ಆಮೇಲೆ ಸದ್ದು ನಿಂತಿತು. ತೋಟ ಮುಟ್ಟಿ ಅವರೇ ಆಫ್ ಮಾಡಿದರೋ, ಗಾಳಿ ಉಳಿದು ಜೀಪೇ ನಡುದಾರಿಯಲ್ಲಿ ನಿಂತಿತೋ, ಇಲ್ಲಿಂದ ತಿಳಿಯುವುದಿಲ್ಲ. ಹುಳುಗಳು ಬೋಳು ಕಡ್ಡಿ ಹಿಡಿದು ತಲೆ ಆಡಿಸುತ್ತಿದ್ದವು. ನಾನು ಪೊರಕೆ ಹಿಡಿದು ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ.