ಚಲುವರಾಜು ಬಿಡದ ಹಳೇ ಪಾಯಿಂಟು

ಕೃಷ್ಣರಾಜಪೇಟೆಯ ಎಸ್.ಟಿ.ಡಿ. ಬೂತಿನ ಪಕ್ಕದ ಮೆಕ್ಯಾನಿಕ್ ಚಲುವರಾಜು ಟ್ಯಾಕ್ಸಿಗಳಲ್ಲಿ ಎಂಜಿನ್ನಿಗೆ ಕಿಡಿ ಕೊಡುವ, ಆಗಾಗ ಉಜ್ಜಬೇಕಾದ ಹಳೇ ಪಾಯಿಂಟು ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುತ್ತಾ, "ಪಾಯಿಂಟು ಉಜ್ಜೋ ಕಾಲ ಮುಗೀತು ಕಣ್ಲಾ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಾನೆ. ಎಂಜಿನ್ ಮಿತಿಮೀರಿ ಅರಚಿದರೆ ಕಿಡಿ ತಡೆಯುವ ಡಬ್ಬಿಯನ್ನೂ ಹಾಕಿಕೊಡುತ್ತಾನೆ. ಅಂಥದ್ದೊಂದನ್ನು ತನ್ನ ಬಾಯಿಗೆ ಹಾಕಲು ಮಾತ್ರ ಜಾಗ ಸಿಕ್ಕಿಲ್ಲವೆಂದು ತಾನೇ ನಗುತ್ತಾನೆ. ಬೆಳಗಿನ ಕಾಫಿಗೇ ಹೆಂಡತಿ ಪುಟ್ಟತಾಯಮ್ಮನ ಮೇಲೆ ರೇಗಿ, ಸಂಜೆವರೆಗೆ ಅವಳ ಒಂದು ಮಾತಿಗಾಗಿ ಕಾಯುತ್ತಾನೆ. ಅವನ ಸ್ವಂತ ಅಂಬಾಸಿಡರಿನಲ್ಲಿ ಇನ್ನೂ ಹಳೇ ಪಾಯಿಂಟೇ ಇದೆ. ಭಾನುವಾರ ಅವನು ಬಾನೆಟ್ಟಿನೊಳಗೆ ಬಗ್ಗಿ ಅದನ್ನು ಉಜ್ಜುತ್ತಾನೆ, ಅವಳು ಒಳಗೆ ಕೂತು ಕೀಲಿ ತಿರುಗಿಸುತ್ತಾಳೆ. ವಾರದಲ್ಲಿ ಜಗಳವಿಲ್ಲದ ಗಂಟೆ ಅದೊಂದೇ. "ಊರೋರ್ಗೆಲ್ಲ ಹೊಸ್ದು ಆಕ್ದೆ, ನಮ್ ಕಾರ್ಗೆ ಯಾವಾಗ ಆಕ್ತೀಯಾ?" ಎಂದು ಅವಳು ಕೇಳಿದರೆ, "ಮುಂದಿನ್ ವಾರ ಕಣಮ್ಮಿ," ಎಂದು ಮೆಲ್ಲಗೆ ಹೇಳಿ, ಆಗಲೇ ಸರಿಯಾಗಿರುವ ಪಾಯಿಂಟನ್ನು ಇನ್ನೊಮ್ಮೆ ಉಜ್ಜತೊಡಗುತ್ತಾನೆ.