ವಸಂತಪುರದ ಗುಡ್ಡಕ್ಕೆ ವಿಮಾನದ ಪ್ರದಕ್ಷಿಣೆ

ಹೊಸ ಕಂಪ್ಯೂಟರಿಗೆ ಅದರದೇ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಬಿಸಿ ಪ್ಲಾಸ್ಟಿಕ್ಕು, ಥರ್ಮಾಕೋಲು ಎರಡೂ ಬೆರೆತಂಥದ್ದು. ನಿನ್ನೆ ನಮ್ಮ ಮನೆಗೆ ಆ ವಾಸನೆ ಬಂತು. ಹಳೆಯದರಲ್ಲಿದ್ದ ವಿಮಾನದ ಆಟವನ್ನು ಹೊಸದಕ್ಕೆ ಸಾಗಿಸುತ್ತಿದ್ದೆ. ‘ವಸಂತಪುರ’ ಎಂಬ ಫೋಲ್ಡರನ್ನೂ ತರಬೇಕೆ ಎಂದು ಅದು ಕೇಳಿತು. ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತುಬಿಟ್ಟಿತು.

ನಗಬೇಡಿ, ನಾನು ವಿಮಾನ ಹಾರಿಸುವ ಹೆಂಗಸು. ವಿಮೆ ಕಚೇರಿಯಿಂದ ನಿವೃತ್ತಳಾದ ಮೇಲೆ ಓರಗೆಯವರೆಲ್ಲ ಭಜನೆ, ಯೋಗ, ಜಯನಗರದ ಸೀರೆ ಅಂಗಡಿ ಎಂದು ಹಂಚಿಹೋದರೆ ನಾನು ಜಾಯ್‌ಸ್ಟಿಕ್ ಹಿಡಿದು ಪರದೆಯ ಮುಂದೆ ಕೂತೆ. “ಸ್ಕೂಟರಿಗೆ ಸ್ಟ್ಯಾಂಡ್ ಹಾಕಕ್ಕೆ ಬರಲ್ಲ, ಇವಳು ಪೈಲಟ್ಟು” ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಗಲಿ ಬಿಡಿ. ಅವರು ಇವತ್ತಿಗೂ ಕನಕಪುರ ರಸ್ತೆ ದಾಟುವುದು ನನ್ನ ಕೈ ಹಿಡಿದುಕೊಂಡೇ.

ಜರಗನಹಳ್ಳಿಯಲ್ಲಿ ಜಯಮ್ಮಕ್ಕನ ಮನೆಯ ಮಹಡಿಯಲ್ಲಿ ನಮ್ಮ ವಾಸ, ಆಗಲೂ ಈಗಲೂ. ಜಯಮ್ಮಕ್ಕ ರಾಗಿ ಬೆಳೆಯುತ್ತಿದ್ದ ಮನೆತನದವರು; ಆ ಹೊಲಗಳ ಮೇಲೆ ಈಗ ಅವರ ಬಾಡಿಗೆ ಮನೆಗಳಿವೆ. ದಬಾಯಿಸುವುದರಲ್ಲಿ ಎತ್ತಿದ ಕೈ. ನೀರಿನ ಟ್ಯಾಂಕರಿನವನು ಅವರ ಗೇಟಿನ ಮುಂದೆ ಹಾರ್ನ್ ಕೂಡ ಮಾಡುವುದಿಲ್ಲ. ಅಂಥವರು ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮೆಟ್ಟಿಲು ಹತ್ತಿ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಮೆಲುದನಿಯಲ್ಲಿ ವಿಷಯ ಹೇಳಿದರು. ಅಹಮದಾಬಾದಿನಲ್ಲಿದ್ದ ಅವರ ತಂಗಿ ಪುಟ್ಟಲಕ್ಷ್ಮಿಗೆ ಬರುವ ಸೋಮವಾರ ಹೃದಯದ ಆಪರೇಷನ್. ಅಕ್ಕ ಬರುವ ತನಕ ಒಳಗೆ ಹೋಗುವುದಿಲ್ಲ ಎಂದು ಅವಳ ಹಟ. ರೈಲಿನಲ್ಲಿ ಸೀಟು ಸಿಕ್ಕಿರಲಿಲ್ಲ. ಜಯಮ್ಮಕ್ಕನ ಮಗ ವಿಮಾನದ ಟಿಕೆಟ್ಟು ತೆಗೆದಿಟ್ಟಿದ್ದ.

“ನನ್ ಕೈಲಾಗಲ್ಲ ಕಣಮ್ಮ,” ಎಂದರು. “ಬಸ್ಸಲ್ಲಾದ್ರೆ ಕಿಟಕೀಲಿ ನೋಡಿ ಇದು ಕಗ್ಗಲೀಪುರ, ಇದು ಹಾರೋಹಳ್ಳಿ ಅನ್ಬೋದು. ಮೇಲಕ್ಕೋದ್ಮೇಲೆ ಕೆಳಗೆ ಯಾವೂರಿದೆ ಅಂತ ಹೆಂಗೆ ಗೊತ್ತಾಗುತ್ತೆ? ಗುರುತೇ ಇಲ್ದಿರೋ ಕಡೆ ಹೆಂಗ್ ಕೂತ್ಕೊಳ್ಳೋದು?”

ಯೋಚಿಸಿ ನೋಡಿದರೆ ನ್ಯಾಯವಾದ ಪ್ರಶ್ನೆಯೇ. ಮೇಲಿನಿಂದ ನಮ್ಮೂರು ಹೇಗೆ ಕಾಣುತ್ತದೆ ತೋರಿಸುತ್ತೇನೆ ಬನ್ನಿ ಎಂದು ಉತ್ಸಾಹದಿಂದ ವಿಮಾನ ಎಬ್ಬಿಸಿದೆ. ನನ್ನ ಆ ಹಳೆಯ ಆಟದಲ್ಲಿ ಬೆಂಗಳೂರಿನ ದಕ್ಷಿಣವೆಂದರೆ ಹಸಿರು ಚಾಪೆ ಹಾಸಿದ ಹಾಗೆ ಸಪಾಟು. ಜಯಮ್ಮಕ್ಕ ಕನ್ನಡಕ ಸರಿಮಾಡಿಕೊಂಡು, “ಇದ್ಯಾವೂರೋ ಏನೋ. ವಸಂತಪುರದ ಗುಡ್ಡ ಎಲ್ಲಿ?” ಎಂದರು. ವಸಂತಪುರ ಅವರ ತವರು. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಅಕ್ಕತಂಗಿ ಶನಿವಾರ ಶನಿವಾರ ಹತ್ತುತ್ತಿದ್ದರಂತೆ. ಆ ಗುಡ್ಡ ಕಾಣಲಿಲ್ಲವೆಂದರೆ ಅದು ಅವರ ಪಾಲಿಗೆ ನಮ್ಮೂರೇ ಅಲ್ಲ.

ಸರಿ, ನೆಲವನ್ನು ನಾನೇ ಮಾಡುತ್ತೇನೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಹೇಗೆ ಅನ್ನುತ್ತೀರಾ? ಉಪಗ್ರಹಗಳು ಅಳೆದ ಭೂಮಿಯ ಎತ್ತರದ ಅಂಕಿಗಳು ಪುಕ್ಕಟೆ ಸಿಗುತ್ತವೆ. ಕೊಬ್ಬರಿ ಮಿಠಾಯಿಯ ತಟ್ಟೆಯಂತೆ ಇಡೀ ಊರನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಒಂದು ಅಂಕಿ ಕೊಟ್ಟಿರುತ್ತಾರೆ. ಅವನ್ನು ಸಾಫ್ಟ್‌ವೇರಿಗೆ ಉಣಿಸಿದರೆ ಅಂಕಿಗಳೆಲ್ಲ ಉಬ್ಬು ತಗ್ಗುಗಳಾಗಿ ಏಳುತ್ತವೆ. ನನ್ನ ನೆಲ ಮೊದಲ ಸಲ ಎದ್ದಾಗ ನಾನು ಅಯ್ಯೋ ಎಂದುಬಿಟ್ಟೆ. ಉಪಗ್ರಹದ ಕಣ್ಣಿಗೆ ಮಣ್ಣೂ ಒಂದೇ, ಮಹಡಿಯೂ ಒಂದೇ. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳು ಬೆಟ್ಟಗಳಾಗಿದ್ದವು. ಜಯನಗರದ ಮರಗಳ ನೆತ್ತಿಗಳೆಲ್ಲ ಸೇರಿ ಒಂದು ದೊಡ್ಡ ದಿಬ್ಬವಾಗಿತ್ತು.

ಇಂಥ ಸುಳ್ಳು ಉಬ್ಬುಗಳನ್ನು ಉಜ್ಜಿ ಸಮ ಮಾಡುವ ಉಪಾಯವೂ ಅದರಲ್ಲೇ ಇತ್ತು. ಒತ್ತಿದೆ. ಅಪಾರ್ಟ್‌ಮೆಂಟು ಮಾಯ, ಮರ ಮಾಯ. ಹೆಮ್ಮೆಯಿಂದ ಜಯಮ್ಮಕ್ಕನನ್ನು ಕರೆದು ಕೂರಿಸಿದೆ. ಕನಕಪುರ ರಸ್ತೆಯ ಜಾಡು ಹಿಡಿದು ವಿಮಾನ ದಕ್ಷಿಣಕ್ಕೆ ಹೋಯಿತು. ವಸಂತಪುರ ಬಂತು, ಹಿಂದಕ್ಕೂ ಹೋಯಿತು, ಗುಡ್ಡವಿಲ್ಲ. ಪುಟ್ಟ ಗುಡ್ಡವಲ್ಲವೇ, ಅದನ್ನೂ ಯಾವುದೋ ಅಪಾರ್ಟ್‌ಮೆಂಟು ಎಂದುಕೊಂಡು ಸಾಫ್ಟ್‌ವೇರು ಒರೆಸಿಹಾಕಿತ್ತು.

“ದೇವರಿರೋ ಗುಡ್ಡಾನೇ ನುಂಗಾಕ್ಬಿಟ್ಯಲ್ಲಮ್ಮ!” ಜಯಮ್ಮಕ್ಕನ ಮುಖ ಸಣ್ಣದಾಯಿತು. “ಪುಟ್ಟಿಗೆ ಫೋನ್ ಮಾಡಿ ಬರಲ್ಲ ಅಂತೀನಿ.”

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ನನ್ನ ಆಟದ ದೆಸೆಯಿಂದ ಅಕ್ಕತಂಗಿ ಮುಖ ನೋಡುವುದೇ ತಪ್ಪಿಹೋದರೆ? ಫೋನ್ ಮಾಡಬೇಡಿ, ಶನಿವಾರದ ತನಕ ತಡೀರಿ ಎಂದು ಬೇಡಿಕೊಂಡೆ. ಗುಡ್ಡದ ಸುತ್ತ ಗೆರೆ ಎಳೆದು, ಇಷ್ಟು ಚೌಕಗಳನ್ನು ಮಾತ್ರ ಉಜ್ಜಬೇಡ ಎಂದು ಸಾಫ್ಟ್‌ವೇರಿಗೆ ಹೇಳಬೇಕಿತ್ತು. ಏಳುವ ಎತ್ತರ ಸರಿಯೇ ಎಂದು ತಾಳೆ ನೋಡಲು, ಕೆಳಗಿಳಿದು ಹೋಗಿ ಗುಡ್ಡ ಎಷ್ಟೆತ್ತರ ಎಂದು ಕೇಳಿದೆ. ಜಯಮ್ಮಕ್ಕ ಅವರೆಕಾಯಿ ಬಿಡಿಸುತ್ತಿದ್ದರು.

“ಹತ್ತೋವಾಗ ಪುಟ್ಟಿ ಎರಡು ಸಲ ಕೂತ್ಕೊಂಡು ಅಳೋಳು. ಅಷ್ಟು,” ಎಂದರು.

ಆ ಅಳತೆಯನ್ನು ಯಾವ ಚೌಕದಲ್ಲಿ ತುಂಬಿಸಲಿ ಹೇಳಿ!

ಶನಿವಾರ ಗುಡ್ಡ ಎದ್ದಿತು. ಜಯಮ್ಮಕ್ಕ ಸ್ನಾನ ಮಾಡಿ, ಹೂ ಮುಡಿದು ಬಂದು ಕೂತರು. ಗುಡ್ಡ ಕಂಡ ಕೂಡಲೇ ಕೈ ಮುಗಿದರು. ನಾನು ವಿಮಾನವನ್ನು ಎಡಕ್ಕೆ ವಾಲಿಸಿದೆ. ಪೈಲಟ್ಟು ಕೂರುವುದು ಎಡಗಡೆಯಾದ್ದರಿಂದ ಎಡಕ್ಕೆ ತಿರುಗಿದರೆ ನೆಲ ಚೆನ್ನಾಗಿ ಕಾಣುತ್ತದೆ.

“ಏಯ್ ಏಯ್, ಆ ಕಡೆ ಬೇಡ! ದೇವರು ಬಲಕ್ಕಿರ್ಬೇಕು. ಅಪ್ರದಕ್ಷಿಣೆ ಆಗುತ್ತೆ!”

ವಿಮಾನದ ನಿಯಮಗಳಲ್ಲಿ ಇದನ್ನು ನಾನು ಎಲ್ಲೂ ಓದಿರಲಿಲ್ಲ. ಆದರೂ ಬಲಕ್ಕೆ ತಿರುಗಿಸಿದೆ. ಹಾಗೆ ತಿರುಗಿದರೆ ಗುಡ್ಡ ವಿಮಾನದ ಮೂತಿಯ ಮರೆಗೆ ಹೋಗಿಬಿಡುತ್ತದೆ. ನನಗೂ ಕಾಣದು, ಅವರಿಗೂ ಕಾಣದು, ಅವರು ಮಾತ್ರ “ಇನ್ನೂ ಹತ್ರ ಹೋಗು, ಇನ್ನೂ ಹತ್ರ” ಎನ್ನುತ್ತಲೇ ಇದ್ದರು. ಒಂದು ಸುತ್ತಾಯಿತು, ಎರಡಾಯಿತು. ಮೂರನೆಯದರಲ್ಲಿ ವಿಮಾನ ಹೋಗಿ ಗುಡ್ಡಕ್ಕೇ ಬಡಿಯಿತು. ಪರದೆ ಕಪ್ಪಾಯಿತು.

ಮುಗಿಯಿತು ಕಥೆ, ಇನ್ನು ಇವರು ಅಹಮದಾಬಾದಿಗೆ ಹೋದ ಹಾಗೇ ಎಂದುಕೊಂಡೆ. ಅವರ ಕಡೆ ತಿರುಗಿ ನೋಡಲೂ ಧೈರ್ಯ ಬರಲಿಲ್ಲ.

“ಮೂರನೇ ಸುತ್ತು ಪೂರ್ತಿ ಆಯ್ತಾ?” ಎಂದರು ಜಯಮ್ಮಕ್ಕ.

“ಇಲ್ಲ, ಸ್ವಲ್ಪದ್ರಲ್ಲಿ ತಪ್ಪೋಯ್ತು.”

“ಹಂಗಾದ್ರೆ ಇನ್ನೊಂದ್ಸಲ ಎಬ್ಬಿಸು. ಅರ್ಧಕ್ಕೆ ಬಿಡಬಾರ್ದು.”

ಎಬ್ಬಿಸಿದೆ, ಸುತ್ತು ಮುಗಿಸಿದೆವು. ಅವರು ಏಳುವಾಗ ಮನಸ್ಸು ತಡೆಯದೆ ಹೇಳಿದೆ: ವಿಮಾನ ನಿಲ್ದಾಣ ಊರಿನ ಆ ತುದಿಗಿದೆ, ನಿಜವಾದ ವಿಮಾನದಿಂದ ಈ ಗುಡ್ಡ ಕಾಣಲಿಕ್ಕಿಲ್ಲ.

“ಅಷ್ಟೂ ಗೊತ್ತಿಲ್ವಾ ನಂಗೆ?” ಎಂದು ದಬಾಯಿಸಿದರು. “ದೇವರಿಗೆ ಒಂದ್ಮಾತು ಹೇಳಿ ಹೊರಡಬೇಕಲ್ಲ. ಈ ಮಂಡಿ ಇಟ್ಕೊಂಡು ಗುಡ್ಡದ ಮೆಟ್ಲು ಹತ್ತಕ್ಕಾಗುತ್ತಾ?”

ಭಾನುವಾರ ಹೊರಟೇಬಿಟ್ಟರು. ಪುಟ್ಟಲಕ್ಷ್ಮಿ ಆಪರೇಷನ್ನಿನ ನಂತರ ಕಣ್ಣು ಬಿಡಲಿಲ್ಲ. ತಿಥಿ ಮುಗಿಸಿ ವಾಪಸು ಬಂದ ಜಯಮ್ಮಕ್ಕ ನಮ್ಮ ಮೆಟ್ಟಿಲ ಮೇಲೆ ಕೂತು, “ಒಳಗೆ ಕರ್ಕೊಂಡು ಹೋಗೋ ಮುಂಚೆ ನಾನೇ ತಲೆ ಬಾಚ್ದೆ ಕಣಮ್ಮ. ಎರಡು ಜಡೆ ಹಾಕ್ದೆ,” ಎಂದರು. ಇಬ್ಬರೂ ಅಲ್ಲೇ ಕೂತು ಅತ್ತೆವು. ಅವರು ಹೋಗದೇ ಇದ್ದಿದ್ದರೆ ಕೊನೆಯ ಸಲ ಮುಖವನ್ನೂ ನೋಡುತ್ತಿರಲಿಲ್ಲ ಎಂದು ಈಗಲೂ ನೆನೆಸಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಹೊಸ ಕಂಪ್ಯೂಟರ್ ನೋಡಬೇಕೆಂದು ಜಯಮ್ಮಕ್ಕ ಕಂಬಿ ಹಿಡಿದುಕೊಂಡು ಮೇಲೆ ಬಂದರು. ಇದಕ್ಕೆಂದೇ ಹಾಕಿಸಿದ ಆಟದ ಹೊಸ ಆವೃತ್ತಿಯಲ್ಲಿ ವಸಂತಪುರದ ಗುಡ್ಡ ತಾನಾಗಿಯೇ ಇದೆ, ನಾನು ಮಾಡಿಕೊಡಬೇಕಾದ ಅಗತ್ಯವೇ ಇಲ್ಲ. ತೋರಿಸಿದೆ. ಚೆನ್ನಾಗಿದೆ ಎಂದರು, ಹೆಚ್ಚು ಹೊತ್ತು ನೋಡಲಿಲ್ಲ.

“ಅಹಮದಾಬಾದ್ ಹಾಕ್ತೀಯಾ?” ಎಂದರು.

“ಅದು ಸಪಾಟು ಊರು ಜಯಮ್ಮಕ್ಕ. ಗುಡ್ಡಗಿಡ್ಡ ಏನೂ ಇಲ್ಲ, ನೋಡಕ್ಕೇನಿದೆ?”

“ಗುಡ್ಡ ಯಾರಿಗ್ಬೇಕು? ಹೊಳೆ ಇದೆಯಲ್ಲ. ಪುಟ್ಟೀನ ಅದರಲ್ಲೇ ಬಿಟ್ಟು ಬಂದಿದ್ದು.”

ಅವರಿಗೆ ಕುರ್ಚಿ ಹತ್ತಿರಕ್ಕೆ ಎಳೆದುಕೊಟ್ಟೆ. ಇಬ್ಬರೂ ಹೊಳೆ ಹುಡುಕುತ್ತಾ ಕೂತಿದ್ದೇವೆ.